ಬೊಂಬೆಗೆ ರೇಟು ಎಷ್ಟು?

ಎಂ-ಸೀಲ್‌ನ ಎರಡು ಉಂಡೆಗಳನ್ನು ಸಮ ಪಾಲು ಕಲಸಿದರೆ, ಗಟ್ಟಿಯಾಗುವುದರೊಳಗೆ ಮೂಗು, ಕಿವಿ ತಿದ್ದಿಬಿಡಬೇಕು. ಹೀಗೆ ಡೋರೆಮಾನ್, ಛೋಟಾ ಭೀಮ್ ಮಾಡಿ ಗೆಳೆಯರ ಹುಟ್ಟುಹಬ್ಬಕ್ಕೆ ಕೊಡುತ್ತೇನೆ. ಚಿತ್ರವನ್ನೂ ಬರೆಯುತ್ತೇನೆ, ಹೆಚ್ಚಾಗಿ ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ!

ನೋಡಿದವರೆಲ್ಲ ಕೇಳುವುದು ಒಂದೇ: ‘ಇದನ್ನ ಮಾರಬಾರದಾ? ರೆಸ್ಯೂಮೆಗೆ ಹಾಕಬಾರದಾ?’ ಹವ್ಯಾಸವೂ ಪ್ಲೇಸ್‌ಮೆಂಟಿಗೇ ದುಡಿಯಬೇಕೇ?

ಕಳೆದ ಸೆಮಿಸ್ಟರ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಬ್ಯಾಕ್ ಆಗಿ ನನ್ನ ರೂಮ್‌ಮೇಟ್ ಓದು ಬಿಟ್ಟು ಊರಿಗೆ ಹೊರಟ. ಏನು ಹೇಳಬೇಕೋ ತೋಚಲಿಲ್ಲ. ರಾತ್ರಿಯೆಲ್ಲ ಕೂತು ಒಂದು ಭೀಮನನ್ನು ಮಾಡಿ, ಅದಕ್ಕೆ ಇವನದೇ ದಪ್ಪ ಕನ್ನಡಕ ತೊಡಿಸಿ ಕೈಗಿಟ್ಟೆ. ನಕ್ಕ. ಆ ವಾರದಲ್ಲಿ ಅದೇ ಮೊದಲು.

ಈಗ ಅದು ಅವರಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಕೂತಿದೆ. ಮೊನ್ನೆ ಯಾರೋ ಗಿರಾಕಿ ರೇಟು ಕೇಳಿದರಂತೆ. ‘ಇದು ಮಾರೋದಲ್ಲ ಸಾರ್’ ಅಂದನಂತೆ.