ಕಂಡರೂ ಕಾಣದ ಜೀವ

ಒಣಕಡ್ಡಿಯೆಂದು ಬಗೆದು ಕೈಚಾಚಿದಾಗ ಅದು ಮೆಲ್ಲನೆ ಕಾಲೆತ್ತಿ ನಡೆದುಹೋದರೆ ಬೆರಗಾಗದವರಾರು? ಗೆಣ್ಣುಗೆಣ್ಣಾದ ಮೈ, ರೆಂಬೆಯಂತೆ ಚಾಚಿದ ಕಾಲು, ಗಾಳಿ ಬೀಸಿದಾಗ ಎಲೆಗಳೊಡನೆ ತಾನೂ ತೂಗಾಡುವ ಚಾತುರ್ಯ. ಇದು ಕಡ್ಡಿಹುಳುವಿನ ಲಕ್ಷಣ. ಹಕ್ಕಿಯ ಕಣ್ಣಿಗೆ ಬೀಳದಿರುವುದೇ ಅದರ ಮುಖ್ಯ ರಕ್ಷೆ.

ಉಷ್ಣವಲಯದ ಅರಣ್ಯಗಳಲ್ಲಿ ಈ ವಂಶದ ದೈತ್ಯರಿದ್ದಾರೆ. ಬೋರ್ನಿಯೋ ದ್ವೀಪದ ಸಬಾ ಪ್ರಾಂತದಲ್ಲಿ ದೊರೆತ ಒಂದು ಹೆಣ್ಣುಹುಳುವಿನ ಮೈಯುದ್ದವೇ 35.7 ಸೆಂಟಿಮೀಟರ್, ಎಂದರೆ ನಿಮ್ಮ ಚೀಲದಲ್ಲಿರುವ ಅಡಿಕೋಲಿಗಿಂತ ಹೆಚ್ಚು. ಚಾಚಿದ ಕಾಲುಗಳೂ ಸೇರಿದರೆ 56.7 ಸೆಂಟಿಮೀಟರ್. ಅದನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಒಪ್ಪಿಸಿದ ಮಲೇಷ್ಯಾದ ಪ್ರಕೃತಿಪ್ರೇಮಿ ಚಾನ್ ಚ್ಯೂ ಲುನ್ ಅವರ ಗೌರವಾರ್ಥವಾಗಿ 2008ರಲ್ಲಿ ಅದಕ್ಕೆ 'ಫೋಬೆಟಿಕಸ್ ಚಾನಿ' ಎಂಬ ಹೆಸರಾಯಿತು. 2025ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಮಳೆಕಾಡಿನಿಂದ ಸುಮಾರು 40 ಸೆಂಟಿಮೀಟರ್ ಉದ್ದ, 44 ಗ್ರಾಂ ತೂಕದ ಇನ್ನೊಂದು ಜಾತಿ ಬೆಳಕಿಗೆ ಬಂದಿತು. ಅದರ ವಾಸ ಮರಗಳ ನೆತ್ತಿಯಲ್ಲಿ.

ಮೊಳದುದ್ದದ ಜೀವಿಯೇ ಇಷ್ಟು ಕಾಲ ವಿಜ್ಞಾನಕ್ಕೆ ಅಪರಿಚಿತವಾಗಿ ಉಳಿದಿದ್ದಿತೆಂದಮೇಲೆ, ಉಗುರಿನಷ್ಟಿರುವ ಜೀವಿಗಳು ಇನ್ನೆಷ್ಟು ಉಳಿದಿರಬಹುದು! ಹೀಗಿರುವಾಗ ಬೋರ್ನಿಯೋದ ವಿಸ್ತಾರವಾದ ಅರಣ್ಯಪ್ರದೇಶವನ್ನು ಮರಕ್ಕಾಗಿಯೂ ತಾಳೆಎಣ್ಣೆಯ ತೋಟಗಳಿಗಾಗಿಯೂ ಮನುಷ್ಯನು ಕಡಿದಿದ್ದಾನೆ. ಓಲೆಯನ್ನು ಓದುವ ಮುನ್ನವೇ ಒಲೆಗೆ ಹಾಕುವುದು ವಿವೇಕವೆನಿಸೀತೇ?

"ಕಡಿದರೇನಾಯಿತು, ಹೊಸ ಸಸಿಗಳನ್ನು ನೆಡಬಹುದಲ್ಲ" ಎನ್ನುವವರುಂಟು. ಸಸಿ ನೆಡುವುದು ಒಳ್ಳೆಯ ಕೆಲಸವೇ. ಆದರೆ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರೆ ತೋಪಾದೀತು, ಕಾಡಾಗದು. ಎಷ್ಟೋ ಜಾತಿಯ ಕಡ್ಡಿಹುಳುಗಳು ಮೇಲೆ ಎಲೆ ಮೇಯುತ್ತ ಮೊಟ್ಟೆಗಳನ್ನು ಕೆಳಗಿನ ನೆಲಕ್ಕೆ ಉದುರಿಸುತ್ತವೆ. ತರಗೆಲೆಗಳ ನಡುವೆ ಮೊಟ್ಟೆಯೊಡೆದು ಬಂದ ಮರಿ ತನಗೆ ಒಗ್ಗುವ ಎಲೆಯನ್ನು ಅರಸಿ ಮೇಲೇರಬೇಕು. ನೆತ್ತಿಯಿಂದ ನೆಲದವರೆಗೆ ಕಾಡು ಇಡಿಯಾಗಿದ್ದರೆ ಮಾತ್ರ ಇಂಥ ಬಾಳು ನಡೆದೀತು.

"ಈ ಹುಳುವಿನಿಂದ ನಮಗೇನು ಪ್ರಯೋಜನ?" ಎಂಬ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳುತ್ತಿದ್ದರು. ಅದು ಹಕ್ಕಿಗೆ ಆಹಾರ, ಅದರ ಹಿಕ್ಕೆ ಮಣ್ಣಿಗೆ ಗೊಬ್ಬರ ಎಂದು ಉತ್ತರಿಸುತ್ತಿದ್ದೆ. ಈಗ ಆ ಉತ್ತರ ಸಾಲದೆಂದು ತೋರುತ್ತದೆ. ನಮಗೆ ಉಪಯೋಗವಾಗುವುದೆಂಬ ಒಂದೇ ಕಾರಣಕ್ಕೆ ಯಾವ ಜೀವವೂ ಹುಟ್ಟಿಬಂದಿಲ್ಲ. ನಾವು ಬೆಲೆ ಕಟ್ಟಲಿ, ಕಟ್ಟದಿರಲಿ, ಬದುಕುವ ಹಕ್ಕು ಅದಕ್ಕುಂಟು.

ನಮ್ಮ ಮಲೆನಾಡಿನಲ್ಲಿಯೂ ಕಡ್ಡಿಹುಳುಗಳಿವೆ. ಅಲ್ಲಿಗೆ ಹೋದಾಗ ಕಡ್ಡಿಯೊಂದನ್ನು ಮುರಿಯುವ ಮುನ್ನ ಒಂದು ಗಳಿಗೆ ನಿಂತು ನೋಡಿರಿ. ಅದು ನಡೆಯಲೂಬಹುದು.