ಬಲೆ ಕತ್ತರಿಸಿದವರು, ಕೊಂಬೆ ಉಳಿಸಬೇಕಾದವರು

ಸಹ್ಯಾದ್ರಿಯ ಸಿಂಗಳೀಕಕ್ಕೂ ಅರಬ್ಬೀ ಸಮುದ್ರದ ತಿಮಿಂಗಿಲ ಶಾರ್ಕಿಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಒಂದು ಮರದಿಂದ ಮರಕ್ಕೆ ಸಾಗುತ್ತಾ ಬದುಕುವ ಕೋತಿ. ಇನ್ನೊಂದು ಹನ್ನೆರಡು ಮೀಟರಿಗೂ ಮೀರಿ ಬೆಳೆಯಬಲ್ಲ, ಜಗತ್ತಿನ ಅತಿ ದೊಡ್ಡ ಮೀನು. ಆದರೂ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಎರಡೂ ಅಳಿವಿನಂಚಿನಲ್ಲಿವೆ.

ಎರಡರ ಸಂಕಟದ ಮೂಲವೂ ಒಂದೇ: ನಿಧಾನವಾದ ವಂಶಾಭಿವೃದ್ಧಿ. ಸಿಂಗಳೀಕ ಒಂದು ಸಲಕ್ಕೆ ಒಂದೇ ಮರಿ ಹೆರುತ್ತದೆ; ಮುಂದಿನ ಮರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕು. ಶಾರ್ಕ್ ಪ್ರಾಯಕ್ಕೆ ಬರಲು ದಶಕಗಳೇ ಬೇಕು. ಇಂಥ ಜೀವಿಗಳಲ್ಲಿ ಒಮ್ಮೆ ಆದ ನಷ್ಟ ಒಂದು ತಲೆಮಾರಿನಲ್ಲಿ ತುಂಬಿಬಾರದು.

ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಈ ಮೀನನ್ನು ಮಾಂಸಕ್ಕಾಗಿ, ದೋಣಿಗೆ ಬಳಿಯುವ ಪಿತ್ತಜನಕಾಂಗದ ಎಣ್ಣೆಗಾಗಿ ಬೇಟೆಯಾಡುತ್ತಿದ್ದರು. 2001ರಲ್ಲಿ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಆದರೆ ನಿಜವಾದ ಬದಲಾವಣೆ ಬಂದದ್ದು 2004ರ ಜನಜಾಗೃತಿಯ ನಂತರ. ಮೊದಲು 'ಬ್ಯಾರಲ್' ಎಂದು ಕರೆಯುತ್ತಿದ್ದ ಮೀನು 'ವ್ಹಾಲಿ', ಅಂದರೆ ಪ್ರೀತಿಪಾತ್ರಳು, ಎನಿಸಿಕೊಂಡಿತು. ಬಲೆಗೆ ಸಿಕ್ಕ ಶಾರ್ಕನ್ನು ಮೀನುಗಾರರು ಬಲೆ ಕತ್ತರಿಸಿ ಬಿಡತೊಡಗಿದರು. ಹಾಳಾದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ನಷ್ಟವನ್ನು ಬಡವನೊಬ್ಬನ ಹೆಗಲಿಗೇ ಹೊರಿಸದಿದ್ದುದೇ ಆ ಯಶಸ್ಸಿನ ಗುಟ್ಟು.

ಮಲೆನಾಡಿನಲ್ಲಿ ಈ ಪಾಠ ಇನ್ನೂ ಬಾಕಿಯಿದೆ. ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕದ ಆಹಾರವಾದ ಉಪ್ಪಾಗೆ ಹಣ್ಣೇ ಹಳ್ಳಿಗರಿಗೂ ಆದಾಯ. ಕಾಯಿ ಬಲಿಯುವ ಮೊದಲೇ ಕೊಯ್ದರೆ, ಕೊಂಬೆಯನ್ನೇ ಕಡಿದರೆ, ಕೋತಿಗೂ ನಷ್ಟ, ಮುಂದಿನ ವರ್ಷದ ಕೊಯ್ಲುಗಾರನಿಗೂ ನಷ್ಟ. ಅತ್ತ ರಸ್ತೆ, ವಿದ್ಯುತ್ ಮಾರ್ಗಗಳು ಮರದ ಚಪ್ಪರವನ್ನು ತುಂಡರಿಸುತ್ತವೆ. 2019ರಲ್ಲಿ ಸಿಂಗಳೀಕದ ಹೆಸರಿನಲ್ಲೇ ಘೋಷಿತವಾದ ಶರಾವತಿ ಕಣಿವೆಯ ಅಭಯಾರಣ್ಯದೊಳಗೆ 2,000 ಮೆಗಾವಾಟ್ ಭೂಗತ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಿತು. ಹಳ್ಳಿಗನಿಗೆ ಕೊಂಬೆ ಕಡಿಯಬೇಡವೆನ್ನುವ ಸರ್ಕಾರ ತನ್ನ ಯೋಜನೆಗೂ ಅದೇ ಅಳತೆಗೋಲು ಹಿಡಿಯಬೇಕು.

ಸಂರಕ್ಷಣಾ ಮೀಸಲು ಪ್ರದೇಶಗಳ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೆ ಕಾಯ್ದೆಯೇ ಸ್ಥಾನ ಕೊಟ್ಟಿದೆ. ಆ ಸ್ಥಾನವನ್ನು ಗ್ರಾಮಸಭೆಗಳು ಬಳಸಬೇಕು. ಬಲಿತ ಹಣ್ಣಿಗೆ ನ್ಯಾಯವಾದ ಬೆಲೆ, ಕೊಯ್ಲಿಗೆ ಊರೇ ಒಪ್ಪಿದ ದಿನ, ಪ್ರತಿ ಮರದಲ್ಲೂ ಕಾಡಿನ ಪಾಲು: ಇಷ್ಟನ್ನು ಊರೂರಿನಲ್ಲಿ ನಿರ್ಣಯಿಸಬಹುದು. ಕಡಲಿನ ಬೆಸ್ತರು ತಮ್ಮ ಬಲೆಯನ್ನೇ ಕತ್ತರಿಸಿದರು. ಮಲೆನಾಡಿಗರು ಕೊಂಬೆಗೆ ಕತ್ತಿ ಹಾಕದಿದ್ದರೆ ಸಾಕು.