ನೊರೆಗೂ ಮುನ್ನ ರಕ್ತ ಕೊಡುವ ಸುಳಿವು

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅದರ ಜೀವಕೋಶಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯು ಹೆಚ್ಚಾಗಿ ಹೆರಿಗೆಯ ವಯಸ್ಸಿನ ಮಹಿಳೆಯರನ್ನು ಕಾಡುತ್ತದೆ. ಬಿಸಿಲಿಗೆ ಅದು ಕೆರಳುವುದರಿಂದ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆನ್ನೆಯ ಕೆಂಪನ್ನು, ಕೀಲುನೋವನ್ನು, ಬೆಳಗಿನ ಮುಖದ ಬಾವನ್ನು ದಣಿವೆಂದು ತಳ್ಳಿಹಾಕುವುದು ಸಲ್ಲದು.

ಜೀವಕೋಶದ ಕೇಂದ್ರವನ್ನು ಗುರಿಯಾಗಿಸುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆಯು ಬಹುತೇಕ ಎಲ್ಲ ಲೂಪಸ್ ರೋಗಿಗಳಲ್ಲಿ ಪಾಸಿಟಿವ್ ಬರುತ್ತದಾದರೂ, ಆರೋಗ್ಯವಂತರಲ್ಲೂ ಹಾಗೆ ಬರಬಹುದಾದ್ದರಿಂದ ಅದೊಂದೇ ಸಾಲದು. ಎರಡೆಳೆಯ ಡಿಎನ್‌ಎ ವಿರುದ್ಧದ ಪ್ರತಿಕಾಯಗಳು ಏರುತ್ತ, ಅವುಗಳಿಂದ ಪ್ರಚೋದನೆಗೊಂಡು ವ್ಯಯವಾಗುವ ಸಿ3, ಸಿ4 ಎಂಬ ಪ್ರೋಟೀನುಗಳು ಕುಸಿಯುತ್ತಿದ್ದರೆ ಕಾಯಿಲೆ ಚುರುಕಾಗಿದೆ, ಮೂತ್ರಪಿಂಡಕ್ಕೆ ಕುತ್ತು ಬಂದಿರಬಹುದು ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಸಿ1ಕ್ಯೂ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವೂ ಇದೇ ಕಡೆಗೆ ಬೆರಳು ತೋರುತ್ತದೆ. ಮೂತ್ರದಲ್ಲಿ ದಿನಕ್ಕೆ ಅರ್ಧ ಗ್ರಾಂಗೂ ಹೆಚ್ಚು ಪ್ರೋಟೀನು ಸೋರಿದಾಗ ಅದು ನೊರೆನೊರೆಯಾಗಿ ಕಾಣಬಹುದು; ಆಗ ಹಾನಿಯ ಬಗೆಯನ್ನು ನಿಶ್ಚಯಿಸುವುದು ಬಯಾಪ್ಸಿಯೇ.

ಬ್ಯಾಡಗಿ, ರಾಣೆಬೆನ್ನೂರುಗಳಿರುವ ಹಾವೇರಿ ಜಿಲ್ಲೆಯ ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಇಂಥ ಲಕ್ಷಣಗಳುಳ್ಳ ಮಹಿಳೆಯರಿಗೆ ಮೂತ್ರದ ಪ್ರೋಟೀನು ಪರೀಕ್ಷೆ ತಪ್ಪದೆ ನಡೆಯಲಿ, ಪ್ರತಿಕಾಯ ಪರೀಕ್ಷೆಗೆ ರಕ್ತದ ಮಾದರಿಯನ್ನು ಉಚಿತವಾಗಿ ಕಳುಹಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಹೊರಲಿ.